ಸರದಿಯಿಲ್ಲದ ಸಾಲು

ಕೇಳಿದವನಿಗೆ ಉತ್ತರ ಕೊಡುವುದರಲ್ಲಿ ನಮ್ಮ ಜನ ಮೂರು ಬಗೆಯನ್ನು ಬಲ್ಲರು. ‘ಆಗಲಿ’ ಎಂಬುದು ಒಂದು. ‘ಆಗದು’ ಎಂಬುದು ಇನ್ನೊಂದು. ಇವೆರಡರ ನಡುವೆ ‘ನೋಡೋಣ’ ಎಂಬುದು ಮೂರನೆಯದು. ಸಾಲ ಕೇಳಲು ಹೋದವನು, ಹೆಣ್ಣು ಕೇಳಲು ಹೋದವನು, ಕೆಲಸ ಕೇಳಲು ಹೋದವನು, ಎಲ್ಲರೂ ಒಂದಲ್ಲ ಒಂದು ದಿನ ಈ ಮೂರನೆಯ ಉತ್ತರವನ್ನು ಹೊತ್ತು ಮನೆಗೆ ಮರಳಿದವರೇ. ‘ಆಗಲಿ’ ಎಂದರೆ ಸಂತೋಷ. ‘ಆಗದು’ ಎಂದರೆ ನಾಲ್ಕು ದಿನದ ದುಃಖ, ಆಮೇಲೆ ಬೇರೆ ದಾರಿ. ‘ನೋಡೋಣ’ ಎಂದಾಗ ಮಾತ್ರ ಸಂತೋಷಪಡುವಂತೆಯೂ ಇಲ್ಲ, ದುಃಖಪಟ್ಟು ಮುಗಿಸುವಂತೆಯೂ ಇಲ್ಲ. ಹೇಳಿದವರ ಮುಖಭಾವವನ್ನೂ ದನಿಯ ಏರಿಳಿತವನ್ನೂ ಮತ್ತೆ ಮತ್ತೆ ನೆನೆದು ಅರ್ಥ ಹುಡುಕುತ್ತ ಕೂರುವುದೊಂದೇ ಉಳಿಯುತ್ತದೆ.

ಈ ಮೂರನೆಯ ಉತ್ತರವನ್ನೇ ಒಂದು ವ್ಯವಸ್ಥೆಯನ್ನಾಗಿ ಮಾಡಿ, ವರ್ಷವರ್ಷವೂ ಸಾವಿರಾರು ತರುಣ ತರುಣಿಯರಿಗೆ ಹಂಚುವ ಪದ್ಧತಿ ಅಮೆರಿಕದ ವಿಶ್ವವಿದ್ಯಾನಿಲಯಗಳಲ್ಲಿ ಬೇರೂರಿದೆ. ‘ವೆಯ್ಟ್‌ಲಿಸ್ಟ್’ ಎಂದು ಅದರ ಹೆಸರು; ಕಾಯುವವರ ಪಟ್ಟಿ ಎಂದು ನಾವು ಕರೆಯಬಹುದು. ಅಲ್ಲಿ ಪದವಿ ತರಗತಿಗೆ ಸೇರಬಯಸುವವರು ಸಾಮಾನ್ಯವಾಗಿ ಜನವರಿಯ ಆರಂಭದೊಳಗೆ ಅರ್ಜಿ ಹಾಕುತ್ತಾರೆ. ಮಾರ್ಚ್ ತಿಂಗಳ ಕೊನೆಯ ಹೊತ್ತಿಗೆ ಉತ್ತರ ಬರುತ್ತದೆ. ಸೀಟು ದೊರೆತವರು ಯಾವುದಾದರೂ ಒಂದು ಸಂಸ್ಥೆಯನ್ನು ಆರಿಸಿಕೊಂಡು ಮೇ 1ರೊಳಗೆ ತಿಳಿಸಬೇಕೆಂಬುದು ಬಹುಕಾಲದ ವಾಡಿಕೆ. 2024ರಲ್ಲಿ ಸೇರುವ ತರಗತಿಗೆಂದು ಹಾರ್ವರ್ಡ್ ವಿಶ್ವವಿದ್ಯಾನಿಲಯಕ್ಕೆ ಬಂದ ಅರ್ಜಿಗಳು 54,008. ಪ್ರವೇಶ ಪಡೆದವರು 1,937 ಮಂದಿ. ನೂರಕ್ಕೆ ನಾಲ್ವರೂ ಅಲ್ಲ. ಉಳಿದವರಲ್ಲಿ ಬಹುಮಂದಿಗೆ ‘ಆಗದು’ ಎಂಬ ಉತ್ತರ ಹೋಗುತ್ತದೆ. ಕೆಲವರಿಗೆ ಮಾತ್ರ ‘ನೋಡೋಣ’ ಎಂಬ ಪತ್ರ ಹೋಗುತ್ತದೆ.

ಕಡಲಾಚೆಯ ಈ ಸಂಗತಿ ಕನ್ನಡದ ಓದುಗರಿಗೇಕೆ ಎಂದು ಯಾರಾದರೂ ಕೇಳಿಯಾರು. ಆ ಪತ್ರ ಈಗ ಬೆಂಗಳೂರು, ಮೈಸೂರುಗಳ ಮನೆಗಳಿಗೂ ಬರುತ್ತಿದೆ; ಅಮೆರಿಕದಲ್ಲಿ ನೆಲೆಸಿದ ಕನ್ನಡ ಕುಟುಂಬಗಳ ಮಕ್ಕಳಿಗಂತೂ ಅದು ಪರಿಚಿತವೇ. ಶಿಫಾರಸು ಪತ್ರ ಬರೆದುಕೊಟ್ಟ ಉಪಾಧ್ಯಾಯರು ಇಲ್ಲಿಯವರು. ಮಗುವಿನ ಮುಖ ನೋಡುತ್ತ ಕುಳಿತ ತಾಯಿತಂದೆಯರು ನಮ್ಮವರು. ಆ ಪತ್ರವನ್ನು ಹೇಗೆ ಓದಬೇಕೆಂಬುದು ತಿಳಿಯದೆ ಇರುಳು ಕಳೆಯುವವರಿಗೆ ಅದರ ನಿಜವಾದ ಅರ್ಥವನ್ನು ಬಿಡಿಸಿ ಹೇಳುವುದು ಉಪಕಾರವಾದೀತೆಂದು ಭಾವಿಸಿ ಈ ಮಾತುಗಳನ್ನು ಬರೆಯುತ್ತಿದ್ದೇವೆ.

ಮೊದಲನೆಯದಾಗಿ, ‘ಪಟ್ಟಿ’ ಎಂಬ ಹೆಸರೇ ನಮ್ಮನ್ನು ತಪ್ಪು ದಾರಿಗೆಳೆಯುತ್ತದೆ. ಪಟ್ಟಿಯೆಂದೊಡನೆ ನಮಗೆ ನೆನಪಾಗುವುದು ರೈಲ್ವೆಯ ವೆಯ್ಟಿಂಗ್ ಲಿಸ್ಟು. ಅಲ್ಲಿ ಟಿಕೆಟ್ಟಿನ ಮೇಲೆಯೇ ನಮ್ಮ ಸಂಖ್ಯೆ ಇರುತ್ತದೆ. ಇಪ್ಪತ್ತಮೂರನೆಯವರಾಗಿ ನಿಂತವರು ನಾಳೆ ಹದಿನೆಂಟಕ್ಕೆ ಬರುತ್ತಾರೆ, ನಾಳಿದ್ದು ಒಂಬತ್ತಕ್ಕೆ. ಗಾಡಿ ಹೊರಡುವ ಮುಂಚೆ ಚಾರ್ಟು ಸಿದ್ಧವಾಗುತ್ತದೆ. ಆಗ ಮಲಗಲು ಜಾಗವುಂಟೋ ಇಲ್ಲವೋ ಎಂಬುದು ಇತ್ಯರ್ಥವಾಗಿಬಿಡುತ್ತದೆ. ಜಾಗವಿಲ್ಲವಾದರೆ ಆನ್‌ಲೈನಿನಲ್ಲಿ ಕೊಂಡ ಟಿಕೆಟ್ಟು ತಾನಾಗಿಯೇ ರದ್ದಾಗಿ, ಸಣ್ಣ ಮೊತ್ತ ಕಳೆದು ಉಳಿದ ಹಣ ಹಿಂದಿರುಗುತ್ತದೆ. ಎಷ್ಟೇ ಕಿರುಕುಳದ್ದಾದರೂ ಅದು ಸಾಲು. ಮುಂದೆ ಯಾರು, ಹಿಂದೆ ಯಾರು ಎಂಬುದಕ್ಕೆ ಅಲ್ಲಿ ಲೆಕ್ಕವಿದೆ.

ನಮ್ಮ ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆಯೂ ಅಂತಹುದೇ. 1994ರಿಂದ ನಡೆದು ಬಂದಿರುವ ಈ ಸಿಇಟಿಯಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಗೂ ಒಂದು ರ‍್ಯಾಂಕಿದೆ. ಹಿಂದಿನ ವರ್ಷ ಯಾವ ಕಾಲೇಜಿನ ಯಾವ ವಿಭಾಗ ಎಷ್ಟನೆಯ ರ‍್ಯಾಂಕಿಗೆ ಮುಗಿಯಿತೆಂಬುದನ್ನು ಮನೆಮಂದಿಯೆಲ್ಲ ಕೂತು ನೋಡಬಹುದು. ಮೊದಲ ಸುತ್ತಿನಲ್ಲಿ ಸಿಕ್ಕ ಸೀಟನ್ನು ಕೈಯಲ್ಲಿಟ್ಟುಕೊಂಡೇ ಮುಂದಿನ ಸುತ್ತಿಗೆ ಕಾಯುವ ಅವಕಾಶವೂ ಉಂಟು. ಈ ಪದ್ಧತಿಯ ಕುಂದುಕೊರತೆಗಳು ಹಲವಿರಬಹುದು. ಒಂದು ಪರೀಕ್ಷೆಯಿಂದ ಒಂದು ಬಾಳನ್ನು ಅಳೆಯುವುದು ಸರಿಯೇ ಎಂಬ ಪ್ರಶ್ನೆಯೂ ನ್ಯಾಯವಾದದ್ದೇ. ಆದರೆ ಕಾಯುವವನಿಗೆ ತಾನು ನಿಂತಿರುವ ಜಾಗ ಯಾವುದೆಂಬುದು ಇಲ್ಲಿ ಗೊತ್ತಿರುತ್ತದೆ.

ಅಮೆರಿಕದ ಪಟ್ಟಿ ಬಹುಮಟ್ಟಿಗೆ ಹೀಗಲ್ಲ. ಕೆಲವು ಸಂಸ್ಥೆಗಳು ಕ್ರಮಸಂಖ್ಯೆ ಕೊಟ್ಟಾವು. ಅತಿ ಹೆಸರಾದ ಬಹಳಷ್ಟು ಕಡೆ ಅದಿಲ್ಲ. ಅಲ್ಲಿ ಮೊದಲನೆಯವನೂ ಇಲ್ಲ, ಕೊನೆಯವನೂ ಇಲ್ಲ. ಅದು ಸಾಲಲ್ಲ, ಒಂದು ಕಣಜ; ಬೇಕಾದಾಗ ಬೇಕಾದ ಕಾಳನ್ನು ತೆಗೆದುಕೊಳ್ಳಲು ಇಟ್ಟುಕೊಂಡದ್ದು. ಈ ಒಂದು ಭೇದವನ್ನು ಅರಿತರೆ ಉಳಿದ ಗೊಂದಲದ ಅರ್ಧ ಭಾಗ ಪರಿಹಾರವಾದಂತೆಯೇ.

ಇಂತಹ ಕಣಜ ಅವರಿಗೇಕೆ ಬೇಕಾಯಿತು ಎಂಬುದನ್ನು ತಿಳಿಯಲು ನಮ್ಮ ಮದುವೆಯ ಮನೆಯನ್ನೇ ನೆನೆಯೋಣ. ಸಾವಿರ ಜನರನ್ನು ಕರೆದ ಯಜಮಾನನಿಗೆ ಸಾವಿರ ಎಲೆ ಬೀಳುವುದಿಲ್ಲವೆಂದು ಗೊತ್ತು. ಎಷ್ಟು ಬಿದ್ದಾವೆಂಬುದು ಮಾತ್ರ ಗೊತ್ತಿಲ್ಲ. ಹಿಂದಿನ ಅನುಭವದಿಂದ ಅಂದಾಜು ಹಾಕಿ ಅಡಿಗೆಯವರಿಗೆ ಹೇಳುತ್ತಾನೆ. ವಿಶ್ವವಿದ್ಯಾನಿಲಯಕ್ಕೂ ಇದೇ ಲೆಕ್ಕ. ಸೀಟು ಕೊಟ್ಟವರೆಲ್ಲ ಬರುವುದಿಲ್ಲ. ಒಬ್ಬೊಬ್ಬ ವಿದ್ಯಾರ್ಥಿಯ ಕೈಯಲ್ಲಿ ನಾಲ್ಕಾರು ಕಡೆಯ ಒಪ್ಪಿಗೆ ಇರುತ್ತದೆ. ಕರೆದವರಲ್ಲಿ ಎಷ್ಟು ಮಂದಿ ಬಂದು ಸೇರಿದರೆಂಬ ಪ್ರಮಾಣಕ್ಕೆ ಅವರು ‘ಯೀಲ್ಡ್’ ಎನ್ನುತ್ತಾರೆ. ಹಾರ್ವರ್ಡಿನಂತಹ ಕಡೆ ನೂರಕ್ಕೆ 80ಕ್ಕೂ ಹೆಚ್ಚು ಮಂದಿ ಬರುತ್ತಾರೆ. ಬೇರೆ ಎಷ್ಟೋ ಕಡೆ ಅರ್ಧ ಭಾಗವೂ ಬರುವುದಿಲ್ಲ. ಹೆಚ್ಚು ಜನರನ್ನು ಕರೆದರೆ ವಿದ್ಯಾರ್ಥಿನಿಲಯದಲ್ಲಿ ಮಂಚ ಸಾಲದು. ಕಡಿಮೆ ಕರೆದರೆ ಶುಲ್ಕದ ಲೆಕ್ಕ ತಪ್ಪುತ್ತದೆ. ಆದ್ದರಿಂದ ತುಸು ಕಡಿಮೆಯೇ ಕರೆದು, ಮೇ 1ರ ನಂತರ ಉಳಿದ ಜಾಗವನ್ನು ಕಾಯುವವರಿಂದ ತುಂಬಿಕೊಳ್ಳುವುದು ಕ್ಷೇಮವೆಂದು ಅವರು ಕಂಡುಕೊಂಡಿದ್ದಾರೆ. ನಮ್ಮ ಯಜಮಾನನಾದರೋ, ಕರೆದವರೆಲ್ಲ ಬಂದು ಕುಳಿತ ಮೇಲೆ ನೋಡೋಣವೆಂದು ಯಾರನ್ನೂ ಚಪ್ಪರದ ಬಾಗಿಲಲ್ಲಿ ನಿಲ್ಲಿಸುವುದಿಲ್ಲ. ಭೇದವಿರುವುದು ಅಷ್ಟೇ.

ಇನ್ನೂ ಒಂದು ಸೂಕ್ಷ್ಮವಿದೆ. ತೆರವಾದ ಜಾಗಕ್ಕೆ ಯಾರು ಬೇಕೆಂಬುದನ್ನು ತೀರ್ಮಾನಿಸುವುದು ಆ ಜಾಗವೇ. ಎಂಜಿನಿಯರಿಂಗ್ ವಿಭಾಗದಲ್ಲಿ ಮೂವರು ಬಾರದೆ ಹೋದರೆ ಕರೆ ಹೋಗುವುದು ಎಂಜಿನಿಯರಿಂಗ್ ಬಯಸಿದವರಿಗೆ. ಇತಿಹಾಸ ಓದಬಯಸಿದ ಹುಡುಗಿ ಎಷ್ಟೇ ಪ್ರತಿಭಾವಂತೆಯಾದರೂ ಅವಳಿಗಲ್ಲ. ವಾದ್ಯಮೇಳಕ್ಕೆ ಒಬ್ಬ ವಾದಕನ ಕೊರತೆ ಕಂಡರೆ ಆ ವಾದ್ಯ ಬಲ್ಲವನ ಅರ್ಜಿ ಮೇಲಕ್ಕೆ ಬರಬಹುದು. ಸೀಟಿನ ಜೊತೆಗೆ ಧನಸಹಾಯವನ್ನೂ ಕೊಡಬೇಕಾಗಿ ಬಂದಾಗ ಅನೇಕ ಸಂಸ್ಥೆಗಳು ಈ ಹಂತದಲ್ಲಿ ಬೊಕ್ಕಸದ ಕಡೆಗೂ ನೋಡುತ್ತವೆ. ಮೊದಲ ಸುತ್ತಿನಲ್ಲಿ ಹಣವನ್ನು ನೋಡೆವೆಂದವರೂ ಈಗ ನೋಡುವುದುಂಟು. ಹೀಗಿರುವಲ್ಲಿ, ಕರೆ ಬಾರದಿರುವುದನ್ನು ತನ್ನ ಯೋಗ್ಯತೆಯ ಮೇಲಿನ ತೀರ್ಪೆಂದು ಹದಿನೆಂಟು ವರ್ಷದ ಜೀವ ಭಾವಿಸುವುದು ಎಂತಹ ಅನ್ಯಾಯ! ಆ ಮೌನದಲ್ಲಿ ಅವನ ಬಗ್ಗೆ ಯಾವ ಮಾತೂ ಇಲ್ಲ. ಅಲ್ಲಿರುವುದು ಬೇರೆಯವರು ಬಂದರೋ ಬಾರರೋ ಎಂಬ ಲೆಕ್ಕ ಮಾತ್ರ.

ಇನ್ನು ಅಂಕಿ ಅಂಶಗಳು. ಅಮೆರಿಕದ ಪ್ರವೇಶಾಧಿಕಾರಿಗಳೂ ಶಾಲಾ ಸಲಹೆಗಾರರೂ ಸದಸ್ಯರಾಗಿರುವ ರಾಷ್ಟ್ರೀಯ ಸಂಘವೊಂದು, 2018ರ ಪ್ರವೇಶದ ಬಗ್ಗೆ ವರದಿಯನ್ನು ಪ್ರಕಟಿಸಿತು. ಅದರಂತೆ ನೂರಕ್ಕೆ 43 ಸಂಸ್ಥೆಗಳು ಇಂತಹ ಪಟ್ಟಿಯನ್ನು ಇಟ್ಟುಕೊಂಡಿದ್ದವು. ಕಾಯುವೆವೆಂದು ಒಪ್ಪಿದವರಲ್ಲಿ ಸರಾಸರಿ ನೂರಕ್ಕೆ 20 ಮಂದಿಗೆ ಕೊನೆಗೆ ಕರೆ ಬಂತು. ಆಯ್ಕೆಯಲ್ಲಿ ಅತ್ಯಂತ ಬಿಗಿಯಾದ ಸಂಸ್ಥೆಗಳಲ್ಲಿ ಈ ಪ್ರಮಾಣ 7. ಸರಾಸರಿಯೂ ಪೂರ್ಣ ಸತ್ಯವನ್ನು ಹೇಳುವುದಿಲ್ಲ. ಒಂದು ವರ್ಷ ನೂರಾರು ಮಂದಿಯನ್ನು ಕರೆದ ಸಂಸ್ಥೆ ಮರುವರ್ಷ ಒಬ್ಬರನ್ನೂ ಕರೆಯದಿರಬಹುದು. 2020ರಲ್ಲಿ ಕೋವಿಡ್ ಪಿಡುಗಿನಿಂದ ಯಾರು ಬರುವರೋ ಬಾರರೋ ತಿಳಿಯದೆ ಅನೇಕ ಸಂಸ್ಥೆಗಳು ಮೇ 1ರ ಗಡುವನ್ನು ಜೂನ್ 1ಕ್ಕೆ ಮುಂದೂಡಿದವು, ಕಾಯುವವರನ್ನು ಧಾರಾಳವಾಗಿ ಕರೆದವು. 2024ರಲ್ಲಿ ಕೇಂದ್ರ ಸರ್ಕಾರದ ವಿದ್ಯಾರ್ಥಿ ನೆರವಿನ ಹೊಸ ಅರ್ಜಿ ನಮೂನೆ ತಡವಾಗಿ ಹೊರಬಂದು, ಗಡುವುಗಳೆಲ್ಲ ಮತ್ತೆ ಏರುಪೇರಾದವು. ಅರ್ಜಿದಾರನ ಗುಣದೋಷಗಳಿಗೂ ಈ ಕಾರಣಗಳಿಗೂ ಯಾವ ಸಂಬಂಧವೂ ಇಲ್ಲ.

ಕರೆ ಬರುವ ಬಗೆಯನ್ನೂ ನೋಡಬೇಕು. ಒಂದು ಊರಿನ ಹೆಡ್‌ಮಾಸ್ತರರಿಗೆ ವರ್ಗವಾದರೆ ಆ ಜಾಗಕ್ಕೆ ಇನ್ನೊಬ್ಬರು, ಅವರ ಜಾಗಕ್ಕೆ ಮತ್ತೊಬ್ಬರು ಎಂದು ಹತ್ತು ಊರುಗಳಲ್ಲಿ ಗಂಟುಮೂಟೆ ಕಟ್ಟುವುದನ್ನು ನಾವು ಕಂಡಿದ್ದೇವೆ. ಇಲ್ಲಿಯೂ ಹಾಗೆಯೇ. ಮೇಲಿನ ಸಂಸ್ಥೆಯೊಂದು ಮೇ ತಿಂಗಳಲ್ಲಿ ಐವತ್ತು ಮಂದಿಯನ್ನು ಕರೆದರೆ, ಆ ಐವತ್ತು ಮಂದಿ ಮುಂಗಡ ಕಟ್ಟಿದ್ದ ಬೇರೆ ಬೇರೆ ಸಂಸ್ಥೆಗಳಲ್ಲಿ ಜಾಗ ತೆರವಾಗುತ್ತದೆ; ಅವು ತಮ್ಮ ಪಟ್ಟಿಗೆ ಕೈಹಾಕುತ್ತವೆ. ಹೀಗೆ ಅಲೆ ಜೂನ್ ದಾಟಿ ಕೆಲವೊಮ್ಮೆ ಜುಲೈ, ಆಗಸ್ಟ್‌ವರೆಗೂ ಹೋಗುತ್ತದೆ. ಮೇ 1ರ ನಂತರ ಬೇರೆಡೆ ಸೇರಲು ಒಪ್ಪಿದ ವಿದ್ಯಾರ್ಥಿಗಳನ್ನು ಸೆಳೆಯಬಾರದೆಂದು ಮೇಲೆ ಹೇಳಿದ ಸಂಘದ ನೀತಿಸಂಹಿತೆಯಲ್ಲಿ ಒಂದು ಕಟ್ಟಳೆಯಿತ್ತು. ಇಂತಹ ಕಟ್ಟಳೆಗಳು ಸ್ಪರ್ಧೆಗೆ ಅಡ್ಡಿಯೆಂದು ಅಮೆರಿಕದ ನ್ಯಾಯ ಇಲಾಖೆ ಆಕ್ಷೇಪಿಸಿದ್ದರಿಂದ 2019ರ ಸೆಪ್ಟೆಂಬರಿನಲ್ಲಿ ಸಂಘವು ಅದನ್ನು ಕೈಬಿಟ್ಟಿತು. ಅಲ್ಲಿಂದೀಚೆಗೆ ಬೇಸಿಗೆಯ ಈ ಚಲನೆಗೆ ಇದ್ದ ಒಂದು ಕಟ್ಟೆಯೂ ಸಡಿಲವಾದಂತಾಯಿತು.

ಈ ಲೆಕ್ಕಾಚಾರವೆಲ್ಲ ಪ್ರವೇಶ ಸಮಿತಿಯ ಕೊಠಡಿಯಲ್ಲಿ ನಡೆಯುವಂತಹುದು. ಮನೆಯೊಳಗೆ ನಡೆಯುವುದು ಬೇರೆ. ಪರೀಕ್ಷೆ ಮುಗಿದಿದೆ; ಜೊತೆಯವರು ಎಲ್ಲಿಗೆ ಹೋಗುವರೆಂಬುದು ತೀರ್ಮಾನವಾಗಿದೆ. ಕೈಯಲ್ಲಿ ಇನ್ನೊಂದು ಒಳ್ಳೆಯ ಕಾಲೇಜಿನ ಸೀಟೂ ಇದೆ. ಆದರೂ ಮಗ ದಿನಕ್ಕೆ ಹತ್ತು ಸಲ ಮೊಬೈಲು ತೆಗೆದು ನೋಡುತ್ತಾನೆ. ಅಮೆರಿಕದ ಹಗಲು ನಮಗೆ ರಾತ್ರಿಯಾದ್ದರಿಂದ ನಡುರಾತ್ರಿಯಲ್ಲೂ ಎದ್ದು ನೋಡುತ್ತಾನೆ. ಮದುವೆ ಮುಂಜಿಗಳಲ್ಲಿ ಸಿಕ್ಕ ಬಂಧುಗಳು ‘ಏನಾಯಿತಪ್ಪ?’ ಎಂದು ಕೇಳಿದರೆ ತಾಯಿ ಮಾತು ಮರೆಸುತ್ತಾಳೆ. ತಂದೆಯ ಲೆಕ್ಕ ಇನ್ನೊಂದು. ಒಂದು ಕಡೆ ಕಟ್ಟಿದ ಮುಂಗಡ ಹಿಂದಿರುಗುವುದಿಲ್ಲ. ಕರೆ ಬಂದರೆ ಎರಡು ಮೂರು ದಿನಗಳಲ್ಲೇ ಉತ್ತರ ಹೇಳಬೇಕಾದೀತು. ಬ್ಯಾಂಕಿನ ಸಾಲದ ಪತ್ರ ಬದಲಾಗಬೇಕು. ಹೊಸ ಸಂಸ್ಥೆಯಿಂದ ‘ಐ-20’ ಎಂಬ ಪ್ರಮಾಣಪತ್ರ ಬರಬೇಕು. ವೀಸಾ ಸಂದರ್ಶನಕ್ಕೆ ದಿನ ಸಿಗಬೇಕು. ಆಗಸ್ಟಿನಲ್ಲಿ ತರಗತಿ ಆರಂಭವಾಗುವಷ್ಟರಲ್ಲಿ ವಿಮಾನ ಹತ್ತಬೇಕು. ಅಲ್ಲಿಯೇ ಹುಟ್ಟಿ ಬೆಳೆದ ಮಗುವಿಗೆ ತಡವಾದ ಕರೆಯೂ ಕರೆಯೇ. ಸಾಗರ ದಾಟಿ ಹೋಗಬೇಕಾದ ಮಗುವಿಗೆ ಅದು ಬಂದೂ ಬಾರದಂತಾಗಬಹುದು. ಕೈಗೆ ಬಂದ ತುತ್ತು ಬಾಯಿಗೆ ಬಾರದ ಪರಿ ಇದು.

ವಿಶ್ವವಿದ್ಯಾನಿಲಯಗಳ ಪಕ್ಷವನ್ನೂ ನ್ಯಾಯವಾಗಿ ಹೇಳಬೇಕು. ತೆರವಾದ ಜಾಗ ಯಾರಿಗೂ ಸಿಗದೆ ಹಾಳಾಗುವುದಕ್ಕಿಂತ ಯೋಗ್ಯನಾದ ಒಬ್ಬನಿಗೆ ತಡವಾಗಿಯಾದರೂ ಸಿಗುವುದು ಮೇಲು. ಕೊನೆಯ ಗಳಿಗೆಯಲ್ಲಿ ಕರೆ ಬಂದು, ಹೋಗಿ, ಚೆನ್ನಾಗಿ ಓದಿ ಬೆಳಗಿದವರು ಇದ್ದೇ ಇದ್ದಾರೆ. ಬಾಗಿಲನ್ನು ಪೂರ್ತಿ ಮುಚ್ಚಿಬಿಟ್ಟಿದ್ದರೆ ಅವರಿಗೆ ಆ ಅವಕಾಶ ಎಲ್ಲಿತ್ತು? ಭವಿಷ್ಯವನ್ನು ನಿಖರವಾಗಿ ಬಲ್ಲ ಪ್ರವೇಶಾಧಿಕಾರಿ ಎಲ್ಲಿಯೂ ಇಲ್ಲ. ಇಷ್ಟನ್ನು ನಾವು ಒಪ್ಪುತ್ತೇವೆ. ಆದ್ದರಿಂದ ಪಟ್ಟಿಯೇ ಬೇಡವೆಂಬುದು ನಮ್ಮ ವಾದವಲ್ಲ.

ನಮ್ಮ ಆಕ್ಷೇಪವಿರುವುದು ಪಟ್ಟಿಯ ಗಾತ್ರಕ್ಕೆ ಮತ್ತು ಅದರ ಮೌನಕ್ಕೆ. ಕೆಲವೆಡೆ ಕಾಯಲು ಹೇಳಿಸಿಕೊಂಡವರ ಸಂಖ್ಯೆ ಒಂದು ವರ್ಷದ ಇಡೀ ತರಗತಿಗಿಂತ ದೊಡ್ಡದು. ಅಷ್ಟು ಜನ ಎಂದೂ ಬೇಕಾಗಲಾರರೆಂಬುದು ಪತ್ರ ಕಳುಹಿಸಿದವರಿಗೆ ತಿಳಿಯದ ವಿಷಯವಲ್ಲ. ಹಳೆಯ ವಿದ್ಯಾರ್ಥಿಗಳ ಮಕ್ಕಳಿಗೂ, ಬಹುಕಾಲದ ನಂಟುಳ್ಳ ಶಾಲೆಗಳಿಗೂ ‘ಆಗದು’ ಎಂದು ಮುಖಕ್ಕೆ ಹೇಳಲಾರದೆ ‘ನೋಡೋಣ’ ಎಂದು ಮೆತ್ತಗೆ ಜಾರಿಕೊಳ್ಳುವ ಉಪಾಯವೂ ಇದರಲ್ಲಿದೆಯೆಂದು ಅಲ್ಲಿನ ಪ್ರವೇಶ ವ್ಯವಹಾರವನ್ನು ಬಲ್ಲವರೇ ಹೇಳುತ್ತಾರೆ. ದಾಕ್ಷಿಣ್ಯ ಒಳ್ಳೆಯ ಗುಣವೇ. ಆದರೆ ಹೇಳುವವನ ಸಂಕೋಚವನ್ನು ಉಳಿಸಲು ಕೇಳುವವನ ಮೂರು ತಿಂಗಳನ್ನು ತೆಗೆದುಕೊಳ್ಳುವುದು ದಾಕ್ಷಿಣ್ಯವಲ್ಲ. ಅನಿಶ್ಚಯವೆಂಬುದು ಸಂಸ್ಥೆಯದು, ಅದರ ಭಾರವನ್ನು ಮಾತ್ರ ಅತ್ಯಂತ ಎಳೆಯ ಹೆಗಲ ಮೇಲೆ ಹೊರಿಸಲಾಗುತ್ತಿದೆ.

ಹೀಗಾಗಿ ಕಾಯಲು ಹೇಳುವವರು ಕಾಯುವವರಿಗೆ ಮೂರು ವಿಷಯಗಳ ಋಣವನ್ನು ಸಲ್ಲಿಸಬೇಕೆಂದು ನಾವು ತಿಳಿಯುತ್ತೇವೆ. ಮೊದಲನೆಯದು ಲೆಕ್ಕ. ಎಷ್ಟು ಜನರಿಗೆ ಕಾಯಲು ಹೇಳಲಾಯಿತು, ಎಷ್ಟು ಜನ ಒಪ್ಪಿದರು, ಎಷ್ಟು ಜನರನ್ನು ಕರೆಯಲಾಯಿತು ಎಂಬ ಮೂರು ಅಂಕಿಗಳನ್ನು ಅನೇಕ ಸಂಸ್ಥೆಗಳು ‘ಕಾಮನ್ ಡೇಟಾ ಸೆಟ್’ ಎಂಬ ವಾರ್ಷಿಕ ವಿವರಪಟ್ಟಿಯಲ್ಲಿ ಪ್ರಕಟಿಸುತ್ತವೆ. ಅದೇ ಅಂಕಿಗಳನ್ನು ಮೂಲೆಯ ದಾಖಲೆಯಲ್ಲಿ ಇಡುವ ಬದಲು ಆ ಪತ್ರದಲ್ಲಿಯೇ, ಹಿಂದಿನ ಐದು ವರ್ಷಗಳದ್ದನ್ನು ಸೇರಿಸಿ, ಅಚ್ಚುಹಾಕಿದರೆ ಓದಿದವರಿಗೆ ತಮ್ಮ ಸ್ಥಿತಿ ತಿಳಿಯುತ್ತದೆ. ಎರಡನೆಯದು ಹಣದ ಮಾತು: ಕರೆದರೆ ಧನಸಹಾಯ ಉಂಟೋ ಇಲ್ಲವೋ ಎಂಬುದನ್ನು ಮೊದಲೇ ಹೇಳಬೇಕು. ಮೂರನೆಯದು ಕೊನೆಯ ದಿನ. ಪರದೇಶದ ವಿದ್ಯಾರ್ಥಿಗಳ ವಿಷಯದಲ್ಲಂತೂ ವೀಸಾಕ್ಕೆ ಬೇಕಾದ ಕಾಲವನ್ನು ಬಿಟ್ಟು ಆ ದಿನವನ್ನು ಗೊತ್ತುಮಾಡಬೇಕು. ಆ ದಿನ ಬಂದಾಗ ಒಂದು ಸಾಲು ಬರೆದು ‘ಆಗದು’ ಎನ್ನಬೇಕು.

ವಿದ್ಯಾರ್ಥಿಗಳಿಗೆ ನಾವು ಹೇಳುವುದು ಅಷ್ಟೇನಿಲ್ಲ. ಕಾಯುವ ಇಚ್ಛೆಯಿದ್ದರೆ ಒಂದು ಪತ್ರವನ್ನು ಬರೆಯಿರಿ. ಅರ್ಜಿ ಹಾಕಿದ ಮೇಲೆ ಹೊಸದಾಗಿ ಏನಾಗಿದೆ, ಕರೆದರೆ ಖಂಡಿತ ಬರುವಿರಾ ಎಂಬೆರಡನ್ನು ಒಂದು ಪುಟದೊಳಗೆ ನೇರವಾಗಿ ಹೇಳಿ. ಅದಕ್ಕಿಂತ ಹೆಚ್ಚಿನ ಬೇಡಿಕೆಯೂ ಬೇಡ, ಊರಿನ ದೊಡ್ಡವರ ಶಿಫಾರಸೂ ಬೇಡ. ಆಮೇಲೆ, ನಿಮಗೆ ‘ಆಗಲಿ’ ಎಂದವರಲ್ಲಿ ಒಬ್ಬರನ್ನು ಆರಿಸಿ ಗಡುವಿನೊಳಗೆ ಒಪ್ಪಿಗೆ ತಿಳಿಸಿ. ಇದು ಸೋತವನ ಸಮಾಧಾನವೆಂದು ತಿಳಿಯಬೇಡಿ. ಆ ಸಂಸ್ಥೆ ನಿಮ್ಮ ಅರ್ಜಿಯನ್ನು ಓದಿ, ನೀವು ಬೇಕೆಂದಿದೆ. ಅಲ್ಲಿನ ಪಾಠಪಟ್ಟಿಯನ್ನು ತೆರೆದು ನೋಡಿ. ಯಾವ ಪ್ರಾಧ್ಯಾಪಕರ ಬಳಿ ಏನನ್ನು ಓದಬಹುದೆಂದು ಗುರುತುಹಾಕಿಕೊಳ್ಳಿ. ಅವರ ಪುಸ್ತಕವೊಂದನ್ನು ಈ ಬೇಸಿಗೆಯಲ್ಲೇ ಓದಿ ಮುಗಿಸಿ. ನಾಳೆ ಬೇರೆ ಕರೆ ಬಂದರೂ ಓದಿದ ಪುಸ್ತಕ ನಷ್ಟವಾಗುವುದಿಲ್ಲ.

ಉಪಾಧ್ಯಾಯರಲ್ಲಿಯೂ ತಾಯಿತಂದೆಯರಲ್ಲಿಯೂ ಒಂದು ವಿನಂತಿ. ‘ಬಂದೇ ಬರುತ್ತದೆ’ ಎಂಬ ಧೈರ್ಯದ ಮಾತನ್ನು ದಯವಿಟ್ಟು ಹೇಳಬೇಡಿ. ಅದು ಬಾರದಿದ್ದಾಗ ಮಗುವಿನ ನೋವಿನ ಜೊತೆಗೆ ನಿಮ್ಮ ನಿರಾಶೆಯ ಹೊರೆಯೂ ಸೇರುತ್ತದೆ. ‘ಇನ್ನಷ್ಟು ಓದಬೇಕಾಗಿತ್ತು’ ಎಂದೂ ಹೇಳಬೇಡಿ. ಕಾರಣ ಅದಲ್ಲವೆಂಬುದನ್ನು ಈವರೆಗೆ ವಿವರಿಸಿದ್ದೇವೆ. ‘ತಾಳಿದವನು ಬಾಳಿಯಾನು’ ಎಂಬ ಗಾದೆಯನ್ನು ಇಂತಹ ಸಮಯದಲ್ಲಿ ಹೇಳುವುದು ಸುಲಭ. ತಾಳುವುದೆಂದರೆ ಸುಮ್ಮನೆ ಬಾಗಿಲನ್ನು ನೋಡುತ್ತ ಕೂರುವುದಲ್ಲವೆಂಬುದನ್ನೂ ಅದರ ಜೊತೆಗೆ ಹೇಳಿಕೊಡಬೇಕು.

ನಮ್ಮ ಜನ ಹೇಳಿಕೊಂಡು ಬಂದಿರುವ ಶಬರಿಯ ಕಥೆ ಎಲ್ಲರಿಗೂ ಗೊತ್ತು. ರಾಮ ಬರುವನೆಂದು ಗುರುಗಳು ಹೇಳಿದ ಮಾತು ಅವಳಿಗಿತ್ತು. ಇಂದಿನ ವಿದ್ಯಾರ್ಥಿಗೆ ಅಂತಹ ಮಾತನ್ನು ಕೊಟ್ಟವರಿಲ್ಲ. ಆ ಭರವಸೆಯಿದ್ದ ಶಬರಿಯೂ ಸುಮ್ಮನೆ ಕುಳಿತವಳಲ್ಲ. ದಿನವೂ ಆಶ್ರಮವನ್ನು ಗುಡಿಸಿದಳು, ನೀರು ತಂದಳು, ಹಣ್ಣು ಆರಿಸಿದಳು. ಭರವಸೆಯಿಲ್ಲದೆ ಕಾಯುವವನಿಗಂತೂ ಇಂದಿನ ಕೆಲಸವೇ ಆಸರೆ. ಆಗಸ್ಟ್ ತಿಂಗಳು ಬಂದೇ ಬರುತ್ತದೆ. ಯಾವುದೋ ಒಂದು ಊರಿನ ಯಾವುದೋ ಒಂದು ತರಗತಿಯಲ್ಲಿ ಅವನು ಹೋಗಿ ಕೂರುತ್ತಾನೆ. ಅಲ್ಲಿ ಪಾಠ ಆರಂಭವಾಗುತ್ತದೆ. ಆ ಹೊತ್ತಿಗೆ ಮನಸ್ಸನ್ನು ಇನ್ನೊಂದು ಊರಿನ ಬಾಗಿಲಲ್ಲಿ ಬಿಟ್ಟುಬಂದಿರಬಾರದು. ವಿಶ್ವವಿದ್ಯಾನಿಲಯಗಳಾದರೋ, ಕೊಡಲಾಗದ್ದನ್ನು ಕೊಡಲಾಗದೆಂದು ಸಕಾಲದಲ್ಲಿ ಹೇಳಿದರೆ ಅದೂ ಒಂದು ಉಪಕಾರವೇ. ಆ ಮಾತನ್ನು ಕೇಳಿ ನಾಲ್ಕು ದಿನ ಅತ್ತು, ಐದನೆಯ ದಿನ ಎದ್ದು ಹೊರಡುವಷ್ಟು ಶಕ್ತಿ ಹದಿನೆಂಟರ ಹರೆಯಕ್ಕೆ ಇದ್ದೇ ಇದೆ.